ಕಡತ ಹಸಿಯಾಗಿರುವಾಗಲೇ ಹಿಡಿಯಿರಿ: ಸರ್ಕಾರದ ನೀತಿ ಯಾರ ಮಾತಿಗೆ ಬದಲಾಗುತ್ತದೆ, ನಮ್ಮ ಮಾತು ಅಲ್ಲಿಗೆ ಮುಟ್ಟಿಸುವುದು ಹೇಗೆ

ಕೆಲವು ವರ್ಷಗಳ ಹಿಂದೆ ನಮ್ಮ ಬಡಾವಣೆಯ ಆಟದ ಮೈದಾನವನ್ನು ಸಂಜೆ ಹೊತ್ತು ಖಾಸಗಿ ತರಬೇತಿಗೆ ಕೊಡಬಹುದು ಎಂಬ ನಿಯಮ ಬಂತು. ವಿಷಯ ಗೊತ್ತಾದ ದಿನವೇ ನಾವೆಲ್ಲ ಸೇರಿದೆವು. ಒಂದು ವಾರ ಮನೆ ಮನೆ ಸುತ್ತಿ ಆರುನೂರಕ್ಕೂ ಜಾಸ್ತಿ ಸಹಿ ತಂದೆವು. ಆ ಕಟ್ಟು ಹಿಡಿದು ಕಚೇರಿಗೆ ಹೋದಾಗ ಅಲ್ಲಿನ ಹಿರಿಯ ಗುಮಾಸ್ತರು ಕೂರಿಸಿ, ನೀರು ಕೊಟ್ಟು, ಮೆಲ್ಲಗೆ ಹೇಳಿದರು: "ಆಕ್ಷೇಪಣೆಗೆ ಕೊಟ್ಟ ಗಡುವು ಮುಗಿದು ಹನ್ನೊಂದು ದಿನ ಆಯ್ತಲ್ಲ ಸಾರ್." ಪ್ರಕಟಣೆ ಪತ್ರಿಕೆಯ ಒಳಪುಟದಲ್ಲಿ ಬಂದಿತ್ತು. ನಮ್ಮಲ್ಲಿ ಒಬ್ಬರೂ ನೋಡಿರಲಿಲ್ಲ. ಮೈದಾನ ಬೇಕಾಗಿದ್ದವರು ನೋಡಿದ್ದರು. ಅವರ ಪತ್ರ ಸಮಯಕ್ಕೆ ಸರಿಯಾಗಿ ಕಡತ ಸೇರಿತ್ತು.

ಆ ದಿನ ನಾನು ಕಲಿತ ಪಾಠವನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಹಸಿ ಗೋಡೆಯಲ್ಲಿ ಹರಳು ನೆಟ್ಟಂತೆ ಎನ್ನುತ್ತಾರಲ್ಲ, ಸರ್ಕಾರದ ಕಡತವೂ ಹಾಗೇ. ಹಸಿಯಾಗಿರುವಾಗ ಒಂದು ಸಣ್ಣ ಹರಳೂ ನಿಲ್ಲುತ್ತದೆ. ಒಣಗಿದ ಮೇಲೆ ಗೋಡೆಯನ್ನೇ ಒಡೆಯಬೇಕು. ದೊಡ್ಡ ಹಿತಾಸಕ್ತಿ ಗುಂಪುಗಳಿಗೆ ಇದು ಚೆನ್ನಾಗಿ ಗೊತ್ತು. ನಮಗೂ ಗೊತ್ತಿರಬೇಕು.

ಮೊದಲು ಒಂದು ಮಾತು. ಲಾಬಿ ಎಂದ ಕೂಡಲೇ ನಮ್ಮ ಮನಸ್ಸಿಗೆ ಬರುವುದು ವಶೀಲಿ, ಸೂಟ್‌ಕೇಸ್. ಆದರೆ ಒಂದೇ ಹಿತ ಇರುವ ಜನ ಒಟ್ಟಾಗಿ, ತಮಗೆ ಬೇಕಾದ ನೀತಿಗಾಗಿ ಸರ್ಕಾರದ ಮುಂದೆ ವಾದ ಮಂಡಿಸುವುದು ತಪ್ಪಲ್ಲ. ಉದ್ಯಮಿಗಳ ಸಂಘ ಮಾಡುವುದೂ ಅದನ್ನೇ, ರೈತ ಸಂಘ ಮಾಡುವುದೂ ಅದನ್ನೇ, ಬೀದಿ ವ್ಯಾಪಾರಿಗಳ ಸಂಘ ಮಾಡುವುದೂ ಅದನ್ನೇ. ದುಡ್ಡು ಕೈ ಬದಲಾದರೆ ಅದು ಲಂಚ, ಅಪರಾಧ. ಈ ಗೆರೆ ನೆನಪಿರಲಿ, ಮುಂದೆ ಮತ್ತೆ ಬರುತ್ತದೆ.

ಹೆಜ್ಜೆ 1: ಯಾರು ಈಗಾಗಲೇ ಒಳಗಿದ್ದಾರೆ, ನೋಡಿಕೊಳ್ಳಿ

ನಿಮ್ಮ ವಿಷಯ ಏನೇ ಇರಲಿ, ಅದರ ಬಗ್ಗೆ ನಿಮಗಿಂತ ಮುಂಚೆ ಯಾರೋ ಮಾತಾಡಿರುತ್ತಾರೆ. ಬೆಂಗಳೂರಿನಲ್ಲಿ ಇದಕ್ಕೆ ದೊಡ್ಡ ಇತಿಹಾಸವೇ ಇದೆ. ಕೆಂಪೇಗೌಡ ರಸ್ತೆಯಲ್ಲಿರುವ ಎಫ್‌ಕೆಸಿಸಿಐ, ಅಂದರೆ ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆ, 1916ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟುಹಾಕಿದ್ದು. ಸಣ್ಣ ಕೈಗಾರಿಕೆಗಳಿಗೆ ಕಾಸಿಯಾ ಇದೆ. ಐಟಿ ಕಂಪನಿಗಳಿಗೆ ನಾಸ್ಕಾಂ, ಬಿಲ್ಡರ್‌ಗಳಿಗೆ ಕ್ರೆಡಾಯ್. ಇವರಿಗೆಲ್ಲ ಕಚೇರಿ ಇದೆ, ಸಂಬಳದ ಸಿಬ್ಬಂದಿ ಇದ್ದಾರೆ, ಬಜೆಟ್‌ಗೆ ಮುಂಚೆ ಮುಖ್ಯಮಂತ್ರಿಗಳ ಜೊತೆ ಸಭೆ ಇರುತ್ತದೆ.

ಇವರ ಮಾತು ಎಷ್ಟು ಬೇಗ ಮುಟ್ಟುತ್ತದೆ ಎನ್ನುವುದಕ್ಕೆ 2024ರ ಜುಲೈ ನೆನಪಿಸಿಕೊಳ್ಳಿ. ಖಾಸಗಿ ಕಂಪನಿಗಳ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದ ಹುದ್ದೆಗಳಲ್ಲಿ ಶೇ 70 ಸ್ಥಳೀಯರಿಗೆ ಎಂಬ ಮಸೂದೆಗೆ ಸಚಿವ ಸಂಪುಟ 15ರಂದು ಒಪ್ಪಿಗೆ ಕೊಟ್ಟಿತು. ನಾಸ್ಕಾಂ ಹೇಳಿಕೆ ಹೊರಡಿಸಿ, ಕಂಪನಿಗಳು ಬೇರೆ ಕಡೆ ಹೋಗಬೇಕಾದೀತು ಎಂದು ಎಚ್ಚರಿಸಿತು. ದೊಡ್ಡ ಉದ್ಯಮಿಗಳು ಒಬ್ಬರ ಹಿಂದೆ ಒಬ್ಬರು ಮಾತಾಡಿದರು. 17ರ ಹೊತ್ತಿಗೆ ಮಸೂದೆಗೆ ತಡೆ ಬಿತ್ತು. ಎರಡೇ ದಿನ! ಆ ಮಸೂದೆ ಸರಿಯೋ ತಪ್ಪೋ ಎನ್ನುವುದು ಬೇರೆ ಚರ್ಚೆ. ಕನ್ನಡಿಗರಿಗೆ ಕೆಲಸ ಸಿಗಬೇಕು ಎಂಬ ಬೇಡಿಕೆಗೆ ದಶಕಗಳ ವಯಸ್ಸಾಗಿದೆ. ಅದನ್ನು ತಡೆಯಲು ಎರಡು ದಿನ ಸಾಕಾಯಿತು ಎನ್ನುವುದನ್ನು ಮಾತ್ರ ಇಲ್ಲಿ ಗಮನಿಸಿ.

ಯಾಕೆ ಹೀಗಾಗುತ್ತದೆ? ಲಾಭ ಕೆಲವರಿಗೆ ಜಾಸ್ತಿ ಇದ್ದು, ನಷ್ಟ ಎಲ್ಲರಿಗೂ ಸ್ವಲ್ಪ ಸ್ವಲ್ಪ ಹಂಚಿಹೋದಾಗ, ಆ ಕೆಲವರು ಒಟ್ಟಾಗುತ್ತಾರೆ. ಉಳಿದವರು ಆಗುವುದಿಲ್ಲ. 2017ರಲ್ಲಿ ಖಾಸಗಿ ಆಸ್ಪತ್ರೆಗಳನ್ನು ನಿಯಂತ್ರಿಸುವ ತಿದ್ದುಪಡಿ ಮಸೂದೆ ಬಂದಾಗ ಇದನ್ನು ಕಣ್ಣಾರೆ ಕಂಡೆವು. ವೈದ್ಯರು ನವೆಂಬರ್‌ನಲ್ಲಿ ಮುಷ್ಕರ ಹೂಡಿದರು. ವೈದ್ಯರಿಗೆ ಜೈಲು ಶಿಕ್ಷೆಯ ಅಂಶ ಕೈಬಿಟ್ಟ ಮೇಲೆ, ಮೊದಲಿಗಿಂತ ಮೆತ್ತಗಾದ ಮಸೂದೆ ಪಾಸಾಯಿತು. ವೈದ್ಯರು ವರ್ಷವಿಡೀ ವೈದ್ಯರೇ, ಅವರಿಗೆ ಸಂಘ ಇದೆ. ರೋಗಿ ಹತ್ತು ದಿನ ರೋಗಿ. ಆಮೇಲೆ ಬಿಲ್ ಕಟ್ಟಿ, ಮನೆಗೆ ಹೋಗಿ, ಮರೆಯಲು ನೋಡುತ್ತಾನೆ. ಅವನಿಗೆಲ್ಲಿ ಸಂಘ?

ಆದ್ದರಿಂದ ಮೊದಲ ಕೆಲಸ ಇದು. ಒಂದು ಹಾಳೆ ತಗೊಳ್ಳಿ. ಈ ನೀತಿ ಬಂದರೆ ಯಾರಿಗೆ ಲಾಭ, ಯಾರಿಗೆ ನಷ್ಟ, ಯಾರು ಸಂಘಟಿತರು, ಯಾರು ಅಲ್ಲ ಎಂದು ಬರೆಯಿರಿ. ಸಂಘಟಿತರಲ್ಲಿ ನಿಮ್ಮ ಜೊತೆ ನಿಲ್ಲಬಲ್ಲವರು ಯಾರು ಎಂದು ಗುರುತು ಹಾಕಿ. ಪೂರ್ತಿ ಒಪ್ಪದವರೂ ಒಂದು ಅಂಶಕ್ಕಾದರೂ ಒಪ್ಪಬಹುದು.

ಹೆಜ್ಜೆ 2: ಕಡತ ಎಲ್ಲಿದೆ ಎಂದು ಪತ್ತೆ ಮಾಡಿ

ಇದೇ ಎಲ್ಲಕ್ಕಿಂತ ಮುಖ್ಯ. ಹೆಚ್ಚಿನವರು ಸೋಲುವುದೂ ಇಲ್ಲೇ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ಸುಮ್ನೆ ಹುಟ್ಟಿದ್ದಲ್ಲ. ಸಚಿವರು ನಿಮ್ಮ ಮನವಿಯ ಮೇಲೆ "ಪರಿಶೀಲಿಸಿ ಮಂಡಿಸಿ" ಎಂದು ಬರೆದ ಕೂಡಲೇ ಕೆಲಸ ಆಯಿತು ಎಂದುಕೊಳ್ಳಬೇಡಿ. ಆ ಪತ್ರ ಇಲಾಖೆಯ ಟಪಾಲಿಗೆ ಹೋಗುತ್ತದೆ. ಅಲ್ಲಿಂದ ವಿಷಯ ನಿರ್ವಾಹಕರ ಮೇಜಿಗೆ. ಅವರು ಟಿಪ್ಪಣಿ ಬರೆಯುತ್ತಾರೆ. ಅದು ಶಾಖಾಧಿಕಾರಿ, ಅಧೀನ ಕಾರ್ಯದರ್ಶಿ, ಉಪ ಕಾರ್ಯದರ್ಶಿ ದಾಟಿ ಪ್ರಧಾನ ಕಾರ್ಯದರ್ಶಿಯವರೆಗೆ ಹತ್ತುತ್ತದೆ. ದುಡ್ಡಿನ ವಿಷಯ ಇದ್ದರೆ ಆರ್ಥಿಕ ಇಲಾಖೆ ಒಪ್ಪಬೇಕು. ಕಾನೂನಿನ ವಿಷಯ ಇದ್ದರೆ ಕಾನೂನು ಇಲಾಖೆ ನೋಡಬೇಕು. ಆಮೇಲೆ ಸಚಿವರು, ಬೇಕಿದ್ದರೆ ಸಂಪುಟ. ಕೆಳಗಿನ ಮೇಜಿನಲ್ಲಿ ಬರೆದ ಮೊದಲ ಟಿಪ್ಪಣಿಯನ್ನು ಮೇಲಿನವರು ಎಷ್ಟೋ ಸಲ ಹಾಗೇ ಒಪ್ಪುತ್ತಾರೆ. ಆ ಮೊದಲ ಟಿಪ್ಪಣಿ ಬರೆಯುವವರ ಕೈಯಲ್ಲಿ ನಿಮ್ಮ ಒಂದು ಪುಟ ಇದೆಯೇ? ಇದನ್ನೇ ಕೇಳಿಕೊಳ್ಳಿ.

ಹಾಗಾಗಿ ವಿಧಾನಸೌಧ, ವಿಕಾಸಸೌಧ, ಬಹುಮಹಡಿ ಕಟ್ಟಡ, ಈ ಮೂರರಲ್ಲಿ ನಿಮ್ಮ ವಿಷಯದ ಶಾಖೆ ಎಲ್ಲಿದೆ ಎಂದು ತಿಳಿದುಕೊಳ್ಳಿ. ನಗರದ ವಿಷಯವಾದರೆ ಇನ್ನೂ ಎಚ್ಚರ ಬೇಕು. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಕೆಳಗೆ ಐದು ನಗರ ಪಾಲಿಕೆಗಳು ಬಂದಿವೆ. ಹಳೆಯ ವಿಳಾಸಕ್ಕೆ ಕೊಟ್ಟ ಮನವಿ ಕಚೇರಿಯಿಂದ ಕಚೇರಿಗೆ ಅಲೆದು ತಿಂಗಳು ಕಳೆದುಹೋಗಬಹುದು. ವಿದ್ಯುತ್ ದರದ ವಿಷಯವಾದರೆ ಸಚಿವರ ಹತ್ತಿರ ಹೋಗಿ ಪ್ರಯೋಜನ ಕಡಿಮೆ. ಅದನ್ನು ನಿಗದಿ ಮಾಡುವುದು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ. ಆಯೋಗ ಸಾರ್ವಜನಿಕರ ಆಕ್ಷೇಪಣೆ ಕೇಳಲೇಬೇಕು ಎಂದು ಕಾನೂನೇ ಹೇಳುತ್ತದೆ. ಅಲ್ಲಿನ ವಿಚಾರಣೆಗೆ ಕೈಗಾರಿಕೆಗಳವರು ಲೆಕ್ಕಪತ್ರದ ಸಮೇತ ಬರುತ್ತಾರೆ. ಮನೆ ಬಳಕೆದಾರರು ಬರುವುದು ಕಡಿಮೆ. ಆ ಬಾಗಿಲು ನಿಮಗೂ ತೆರೆದಿದೆ, ದಯವಿಟ್ಟು ಹೋಗಿ.

ಕರಡು ನಿಯಮಗಳು ಕರ್ನಾಟಕ ರಾಜ್ಯಪತ್ರದಲ್ಲಿ, ಅಂದರೆ ಸರ್ಕಾರದ ಗೆಜೆಟ್‌ನಲ್ಲಿ ಪ್ರಕಟವಾಗುತ್ತವೆ. ಇ-ರಾಜ್ಯಪತ್ರದ ಜಾಲತಾಣದಲ್ಲಿ ಮನೆಯಲ್ಲೇ ಕೂತು ನೋಡಬಹುದು. ಕರಡಿನಲ್ಲೇ ಆಕ್ಷೇಪಣೆ, ಸಲಹೆಗಳನ್ನು ಯಾರಿಗೆ, ಎಷ್ಟು ದಿನದೊಳಗೆ ಕೊಡಬೇಕು ಎಂದು ಬರೆದಿರುತ್ತಾರೆ. ಸಾಮಾನ್ಯವಾಗಿ ಅದು 30 ದಿನ, ಕೆಲವೊಮ್ಮೆ ಇನ್ನೂ ಕಡಿಮೆ. ನಮ್ಮ ಸಂಘದಲ್ಲಿ ಈಗ ಇದಕ್ಕೇ ಒಬ್ಬರನ್ನು ನೇಮಿಸಿದ್ದೇವೆ. ನಿವೃತ್ತ ಮೇಷ್ಟ್ರು. ಪ್ರತಿ ಶುಕ್ರವಾರ ರಾಜ್ಯಪತ್ರ ನೋಡಿ, ಬೇಕಾದ್ದಿದ್ದರೆ ಗುಂಪಿಗೆ ಹಾಕುತ್ತಾರೆ. ಮೈದಾನದ ವಿಷಯದಲ್ಲಿ ಹನ್ನೊಂದು ದಿನ ತಡವಾದವರು ನಾವು. ಆಮೇಲೆ ಒಂದು ಗಡುವನ್ನೂ ತಪ್ಪಿಸಿಲ್ಲ.

ಹೆಜ್ಜೆ 3: ಮಾಹಿತಿ ಹಕ್ಕಿನಲ್ಲಿ ಕೇಳಿ

2005ರ ಮಾಹಿತಿ ಹಕ್ಕು ಕಾಯ್ದೆ ನಿಮ್ಮ ಕೈಯಲ್ಲಿರುವ ಅತ್ಯಂತ ಅಗ್ಗದ, ಅತ್ಯಂತ ಚೂಪಾದ ಉಪಕರಣ. ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಉತ್ತರ 30 ದಿನದಲ್ಲಿ ಬರಬೇಕು. ಬರದಿದ್ದರೆ ಅದೇ ಇಲಾಖೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಿ, ಅಲ್ಲೂ ಆಗದಿದ್ದರೆ ಮಾಹಿತಿ ಆಯೋಗಕ್ಕೆ.

ಏನು ಕೇಳಬೇಕು ಎನ್ನುವುದರಲ್ಲೇ ಎಲ್ಲ ಇದೆ. "ಯಾಕೆ ಹೀಗೆ ಮಾಡಿದಿರಿ" ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ, ಅದು ದಾಖಲೆ ಅಲ್ಲ. "ಈ ಕಡತದ ಟಿಪ್ಪಣಿ ಹಾಳೆಗಳ ಪ್ರತಿ ಕೊಡಿ. ಕರಡಿಗೆ ಬಂದ ಎಲ್ಲ ಆಕ್ಷೇಪಣೆ, ಸಲಹೆ ಪತ್ರಗಳ ಪ್ರತಿ ಕೊಡಿ" ಎಂದು ಕೇಳಿ. ಆಗ ಯಾವ ಸಂಘ ಯಾವ ವಾಕ್ಯ ಬದಲಿಸಲು ಕೇಳಿತು, ಅಂತಿಮ ಆದೇಶದಲ್ಲಿ ಆ ವಾಕ್ಯ ಹೇಗೆ ಬಂತು ಎಂದು ಪಕ್ಕಪಕ್ಕ ಇಟ್ಟು ನೋಡಬಹುದು. ನಮ್ಮ ಮೈದಾನದ ನಿಯಮದಲ್ಲಿ ಸಂಜೆಯ ವೇಳೆ ಎಲ್ಲಿಂದ ಬಂತು ಎಂದು ನಮಗೆ ಗೊತ್ತಾಗಿದ್ದು ಹೀಗೆಯೇ. ಸಂಪುಟದ ಮುಂದಿರುವ ಕಾಗದಗಳನ್ನು ತೀರ್ಮಾನ ಆಗುವವರೆಗೆ ಕೊಡುವುದಿಲ್ಲ. ತೀರ್ಮಾನದ ನಂತರ ಕೇಳಬಹುದು.

ಇದು ನಮಗೆ ಇನ್ನೂ ಜಾಸ್ತಿ ಮುಖ್ಯ, ಯಾಕೆಂದರೆ ಭಾರತದಲ್ಲಿ ಲಾಬಿಯನ್ನು ನೋಂದಾಯಿಸುವ ಕಾನೂನೇ ಇಲ್ಲ. ಅಮೆರಿಕದಲ್ಲಿ 1995ರ ಕಾನೂನಿನ ಪ್ರಕಾರ ಲಾಬಿ ಮಾಡುವವರು ಮೂರು ತಿಂಗಳಿಗೊಮ್ಮೆ ಲೆಕ್ಕ ಕೊಡಬೇಕು. ಭಾರತದ ಚಿಲ್ಲರೆ ಮಾರುಕಟ್ಟೆ ಪ್ರವೇಶದ ವಿಷಯಕ್ಕೂ ವಾಲ್‌ಮಾರ್ಟ್ ಅಲ್ಲಿ ಖರ್ಚು ಮಾಡಿತ್ತು ಎಂದು 2012ರಲ್ಲಿ ನಮಗೆ ತಿಳಿದಿದ್ದೇ ಆ ಲೆಕ್ಕದಿಂದ. ನಮ್ಮ ಸಂಸತ್ತಿನಲ್ಲಿ 2013ರಲ್ಲಿ ಇಂಥ ಒಂದು ಖಾಸಗಿ ಮಸೂದೆ ಬಂತು, ಕಾನೂನಾಗಲಿಲ್ಲ. ಪಕ್ಷಗಳಿಗೆ ಯಾರು ದುಡ್ಡು ಕೊಟ್ಟರು ಎಂಬುದನ್ನು ಮುಚ್ಚಿಟ್ಟಿದ್ದ ಚುನಾವಣಾ ಬಾಂಡ್‌ಗಳನ್ನು ಸುಪ್ರೀಂ ಕೋರ್ಟ್ 2024ರ ಫೆಬ್ರುವರಿ 15ರಂದು ರದ್ದು ಮಾಡಿತು. 20,000 ರೂಪಾಯಿ ಮೀರಿದ ದೇಣಿಗೆಗಳ ಪಟ್ಟಿಯನ್ನು ಪಕ್ಷಗಳು ಚುನಾವಣಾ ಆಯೋಗಕ್ಕೆ ಕೊಡಬೇಕು. ಅದನ್ನೂ ತೆಗೆದು ನೋಡಿ. ನಿಮ್ಮ ವಿಷಯದಲ್ಲಿ ಲಾಭ ಇರುವವರ ಹೆಸರು ಕಂಡರೆ ಅಷ್ಟರಿಂದಲೇ ತಪ್ಪು ನಡೆದಿದೆ ಎಂದಾಗುವುದಿಲ್ಲ. ಆದರೆ ಕೇಳಬೇಕಾದ ಪ್ರಶ್ನೆ ಸಿಗುತ್ತದೆ.

ಹೆಜ್ಜೆ 4: ಒಂದೇ ಪುಟ, ಒಂದೇ ಬೇಡಿಕೆ

ನಾನು ಓದಿದ ಮನವಿಗಳಲ್ಲಿ ಬಹುಪಾಲು ಹೀಗಿರುತ್ತವೆ: ಹದಿನೇಳು ಬೇಡಿಕೆ, ನಾಲ್ಕು ಪುಟ, ಕೊನೆಗೆ "ಸೂಕ್ತ ಕ್ರಮ ಕೈಗೊಳ್ಳಬೇಕೆಂದು ವಿನಂತಿ". ಅಧಿಕಾರಿ ಇದನ್ನು ಇಟ್ಟುಕೊಂಡು ಏನು ಮಾಡಬೇಕು? ಅವರಿಗೆ ಟಿಪ್ಪಣಿಯಲ್ಲಿ ಹಾಗೇ ಇಳಿಸಬಹುದಾದ ವಾಕ್ಯ ಬೇಕು. ದೊಡ್ಡ ಸಂಘಗಳು ಅದನ್ನೇ ಕೊಡುತ್ತವೆ. ತಿದ್ದುಪಡಿಯ ವಾಕ್ಯವನ್ನೇ ಬರೆದುಕೊಡುತ್ತವೆ. ನೀವೂ ಹಾಗೇ ಮಾಡಿ. ನಮ್ಮ ಎರಡನೇ ಪ್ರಯತ್ನದ ಪತ್ರದ ತಿರುಳು ಹೀಗಿತ್ತು:

"ವಿಷಯ: ಆಟದ ಮೈದಾನಗಳ ಬಳಕೆ ನಿಯಮಗಳ ವೇಳೆಯ ತಿದ್ದುಪಡಿ ಕೋರಿ.

ಮಾನ್ಯರೇ, ಸದರಿ ನಿಯಮದಲ್ಲಿ ತರಬೇತಿಗೆ 'ಸಂಜೆ 4ರಿಂದ 8' ಎಂದಿದೆ. ಇದನ್ನು 'ಬೆಳಿಗ್ಗೆ 10ರಿಂದ ಮಧ್ಯಾಹ್ನ 3' ಎಂದು ಬದಲಿಸಬೇಕೆಂದು ಕೋರುತ್ತೇವೆ.

ಕಾರಣ: ಶಾಲೆ ಬಿಟ್ಟ ಮಕ್ಕಳು ಆಡುವುದು ಸಂಜೆಯೇ. ಎರಡು ವಾರ ದಿನವೂ ಸಂಜೆ ಮೈದಾನಕ್ಕೆ ಬಂದವರ ಎಣಿಕೆಯನ್ನು ಲಗತ್ತಿಸಿದೆ. ಬೆಳಿಗ್ಗೆ ಹತ್ತರ ನಂತರ ಮೈದಾನ ಖಾಲಿ ಇರುತ್ತದೆ. ಈ ಬದಲಾವಣೆಯಿಂದ ತರಬೇತಿಯೂ ನಿಲ್ಲುವುದಿಲ್ಲ, ಕಚೇರಿಗೆ ಬಾಡಿಗೆಯೂ ಬರುತ್ತದೆ."

ಇಷ್ಟೇ. ಸಹಿಗಳು ಹಿಂದೆ ಲಗತ್ತು. ಇಲ್ಲಿ ಎರಡು ಅಂಶ ಗಮನಿಸಿ. ನಾವೇ ಕೂತು ಎಣಿಸಿದ ಅಂಕಿ ಇದೆ, ಅದನ್ನು ಯಾರೂ ಅಲ್ಲಗಳೆಯಲಾರರು. ಜೊತೆಗೆ ಸರ್ಕಾರಕ್ಕೆ ನಷ್ಟ ಇಲ್ಲ ಎಂದು ತೋರಿಸಿದ್ದೇವೆ. ಆರ್ಥಿಕ ಇಲಾಖೆಯ ಮೊದಲ ಪ್ರಶ್ನೆಯೇ ದುಡ್ಡಿನದ್ದು. ಅದಕ್ಕೆ ಉತ್ತರ ಪತ್ರದಲ್ಲೇ ಇರಲಿ.

ಕನ್ನಡದಲ್ಲೇ ಬರೆಯಿರಿ. ಕಡತ ಕನ್ನಡದಲ್ಲೇ ನಡೆಯುತ್ತದೆ, ನಿಮ್ಮ ವಾಕ್ಯ ನೇರವಾಗಿ ಟಿಪ್ಪಣಿಗೆ ಹೋಗುತ್ತದೆ. ಟಪಾಲಿನಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು, ಸಹಿ ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. ಇ-ಆಫೀಸ್ ಕಡತ ಸಂಖ್ಯೆ ಬಂದ ಮೇಲೆ ಅದನ್ನೂ ಬರೆದಿಟ್ಟುಕೊಳ್ಳಿ. ಮುಂದಿನ ಎಲ್ಲ ಪತ್ರಗಳಲ್ಲಿ ಆ ಸಂಖ್ಯೆ ಇರಬೇಕು.

ಹೆಜ್ಜೆ 5: ಹಲವು ಬಾಗಿಲು ಒಟ್ಟಿಗೇ ತಟ್ಟಿ

ಉಕ್ಕಿನ ಸೇತುವೆ ನೆನಪಿದೆ ಅಲ್ವಾ? ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಸುಮಾರು 6.7 ಕಿಲೋಮೀಟರ್, 1,791 ಕೋಟಿ ರೂಪಾಯಿ, ಕಡಿಯಬೇಕಿದ್ದ 812 ಮರ. 2016ರ ಅಕ್ಟೋಬರ್ 16ರ ಭಾನುವಾರ ಸಾವಿರಾರು ಜನ ಕೈಕೈ ಹಿಡಿದು ಮಾನವ ಸರಪಳಿ ಮಾಡಿದರು. 2017ರ ಮಾರ್ಚ್ 2ರಂದು ಸರ್ಕಾರ ಯೋಜನೆ ಕೈಬಿಟ್ಟಿತು. ಸರಪಳಿಯಿಂದಲೇ ಗೆದ್ದೆವು ಎಂದು ಎಷ್ಟೋ ಜನ ನಂಬಿದ್ದಾರೆ. ಸರಪಳಿ ಬೇಕಿತ್ತು, ನಿಜ. ಆದರೆ ಅದೇ ಹೊತ್ತಿಗೆ ಹಸಿರು ನ್ಯಾಯಮಂಡಳಿಯಲ್ಲಿ ಅರ್ಜಿ ಇತ್ತು, ಅದೇ ಅಕ್ಟೋಬರ್ ಕೊನೆಗೆ ತಡೆಯಾಜ್ಞೆ ಬಂತು. ದಾಖಲೆ ಕೆದಕುವವರು ಕೆದಕುತ್ತಿದ್ದರು. ಪತ್ರಿಕೆಗಳು ದಿನವೂ ಬರೆದವು. ವಿರೋಧ ಪಕ್ಷ ಹಿಡಿದುಕೊಂಡಿತು. ಬೀದಿ, ನ್ಯಾಯಾಲಯ, ಕಡತ, ಸದನ, ನಾಲ್ಕೂ ಕಡೆಯಿಂದ ಒತ್ತಡ ಬಿತ್ತು.

ಶಾಸಕರನ್ನು ಬಳಸಿಕೊಳ್ಳಿ. ವಿಧಾನಸಭೆಯಲ್ಲಿ 224 ಜನ, ಪರಿಷತ್ತಿನಲ್ಲಿ 75 ಜನ ಇದ್ದಾರೆ. ನಿಮ್ಮ ಕ್ಷೇತ್ರದವರು ಆಡಳಿತ ಪಕ್ಷದವರಾಗಿ ಮುಜುಗರ ಪಟ್ಟರೆ ಪರಿಷತ್ತಿನ ಸದಸ್ಯರೊಬ್ಬರನ್ನು ಹಿಡಿಯಿರಿ. ಅಧಿವೇಶನಕ್ಕೆ ಮೂರ್ನಾಲ್ಕು ವಾರ ಮುಂಚೆಯೇ ಪ್ರಶ್ನೆಯ ವಾಕ್ಯವನ್ನು ನೀವೇ ಬರೆದುಕೊಡಿ. ಪ್ರಶ್ನೆ ಸ್ವೀಕಾರವಾದರೆ ಇಲಾಖೆ ಉತ್ತರ ತಯಾರಿಸಲೇಬೇಕು. ಆ ಉತ್ತರ ಸದನದ ದಾಖಲೆ ಆಗುತ್ತದೆ. ಎಷ್ಟೋ ಸಲ ಮಲಗಿದ್ದ ಕಡತ ಏಳುವುದೇ ಆ ವಾರ. ಸದನದ ಅರ್ಜಿ ಸಮಿತಿ ಎಂಬುದೂ ಒಂದಿದೆ, ಜನ ಅದನ್ನು ಬಳಸುವುದು ತೀರಾ ಕಡಿಮೆ.

ಬಜೆಟ್ ಬೇಡಿಕೆ ಇದ್ದರೆ ಮಾರ್ಚ್‌ನಲ್ಲಿ ಎದ್ದರೆ ತಡ. ನವೆಂಬರ್, ಡಿಸೆಂಬರ್‌ನಲ್ಲೇ ಇಲಾಖೆಗೆ ಪತ್ರ ಹೋಗಿರಬೇಕು.

ಇನ್ನು ಪ್ರತಿಭಟನೆ. ಬೆಂಗಳೂರಿನಲ್ಲಿ ಈಗ ಧರಣಿಗೆ ಫ್ರೀಡಂ ಪಾರ್ಕ್ ಒಂದೇ ಜಾಗ. ಪೊಲೀಸರ ಅನುಮತಿ ಬೇಕು. ಅಲ್ಲಿ ದಿನವೂ ಯಾರಾದರೂ ಕೂತಿರುತ್ತಾರೆ, ನಿಮ್ಮ ದನಿ ಮುಳುಗಿಹೋಗಬಹುದು. ಆದರೂ ಕೂರುವವರ ಪಟ್ಟು ಏನು ಮಾಡಬಲ್ಲದು ಎಂದು ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ತೋರಿಸಿದರು. ಹದಿಮೂರು ಹಳ್ಳಿಗಳ 1,777 ಎಕರೆ ಜಮೀನು ಕೆಐಎಡಿಬಿ, ಅಂದರೆ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಮೂಲಕ ವಿಮಾನ ಉದ್ಯಮದ ಪಾರ್ಕಿಗೆ ಹೋಗಬೇಕಿತ್ತು. 2022ರ ಏಪ್ರಿಲ್‌ನಲ್ಲಿ ಕೂತವರು ಮೂರು ವರ್ಷ ದಾಟಿದರೂ ಏಳಲಿಲ್ಲ. ಹಬ್ಬ, ಮಳೆ, ಬಿತ್ತನೆ, ಎಲ್ಲದರ ನಡುವೆ ಕೂತರು. ದಲಿತ ಸಂಘಟನೆಗಳು, ಕಾರ್ಮಿಕ ಸಂಘಗಳು, ಕಲಾವಿದರು ಜೊತೆಗೆ ನಿಂತರು. 2025ರ ಜುಲೈ 15ರಂದು ಸ್ವಾಧೀನ ಕೈಬಿಡುವುದಾಗಿ ಮುಖ್ಯಮಂತ್ರಿ ಪ್ರಕಟಿಸಿದರು. ಅದೇ ಮಾತಿನಲ್ಲಿ, ತಾವಾಗಿ ಜಮೀನು ಕೊಡಲು ಬರುವವರಿಂದ ತಗೊಳ್ಳುತ್ತೇವೆ ಎಂದೂ ಇತ್ತು. ಗೆದ್ದ ದಿನವೂ ಪ್ರಕಟಣೆಯ ಎರಡನೇ ವಾಕ್ಯ ಓದಬೇಕು ಎನ್ನುವುದು ಇದಕ್ಕೇ.

ಹೆಜ್ಜೆ 6: ಕಾನೂನು ಕೊಟ್ಟ ಕುರ್ಚಿ ಇದ್ದರೆ ಬಿಡಬೇಡಿ

ಕೆಲವು ಕಾನೂನುಗಳು ಬಾಧಿತರಿಗೇ ಕುರ್ಚಿ ಕೊಟ್ಟಿವೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40 ಸದಸ್ಯರು ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಸಮಿತಿಯ ಸಭೆ ಕರೆಯುತ್ತಿಲ್ಲ ಎಂದಾದರೆ ನಿಮ್ಮ ಮೊದಲ ಬೇಡಿಕೆ ಅದೇ ಆಗಿರಲಿ.

ಆ್ಯಪ್ ಡೆಲಿವರಿ ಹುಡುಗರ, ಕ್ಯಾಬ್ ಚಾಲಕರ ಕಥೆಯೂ ನನಗೆ ಇಷ್ಟ. ಅವರಿಗೆ ಒಂದೇ ಕಚೇರಿ ಇಲ್ಲ, ಒಂದೇ ಪಾಳಿ ಇಲ್ಲ. ಆದರೂ ಸಂಘ ಕಟ್ಟಿದರು. 2024ರ ಜೂನ್ ಕೊನೆಗೆ ಅವರ ಕ್ಷೇಮಕ್ಕಾಗಿ ಕರಡು ಮಸೂದೆ ಜನರ ಮುಂದೆ ಬಂದಾಗ ಕಂಪನಿಗಳ ಒಕ್ಕೂಟಗಳು ಆಕ್ಷೇಪಣೆ ಸಲ್ಲಿಸಿದವು, ಕಾರ್ಮಿಕ ಸಂಘಗಳೂ ಸಲ್ಲಿಸಿದವು. 2025ರಲ್ಲಿ ಮೊದಲು ಸುಗ್ರೀವಾಜ್ಞೆ, ಆಮೇಲೆ ಕಾಯ್ದೆ ಬಂತು. ಕಾರ್ಮಿಕರಿಗೆ ಕೊಡುವ ಹಣದ ಮೇಲೆ ಕಂಪನಿಗಳು ಶೇ 1ರಿಂದ 5ರವರೆಗೆ ಕ್ಷೇಮ ಶುಲ್ಕ ಕಟ್ಟಬೇಕು. ಶೇ 1ಕ್ಕೂ 5ಕ್ಕೂ ನಡುವೆ ಎಷ್ಟು ದೊಡ್ಡ ಅಂತರ ನೋಡಿ. ಅದನ್ನು ಗೊತ್ತು ಮಾಡುವುದು ಕಾಯ್ದೆಯ ನಂತರ ಬರುವ ಅಧಿಸೂಚನೆ. ಕಾಯ್ದೆ ಪಾಸಾದಾಗ ಮನೆಗೆ ಹೋದವರಿಗೆ ಅದರಲ್ಲಿ ಮಾತಿರುವುದಿಲ್ಲ.

ಹೆಜ್ಜೆ 7: ಕೈ ಸ್ವಚ್ಛವಾಗಿರಲಿ

"ಸ್ವಲ್ಪ ಖರ್ಚು ಮಾಡಿದರೆ ಮಾಡಿಸಿಕೊಡುತ್ತೇನೆ" ಎನ್ನುವವರು ಕಾರಿಡಾರಿನಲ್ಲೇ ಸಿಗುತ್ತಾರೆ. ಬೇಡ. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಲಂಚ ಕೊಟ್ಟವರಿಗೂ ಏಳು ವರ್ಷದವರೆಗೆ ಶಿಕ್ಷೆ ಆಗಬಹುದು. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ತನಿಖಾ ಸಂಸ್ಥೆಗೆ ತಿಳಿಸಿದವರಿಗೆ ಮಾತ್ರ ರಕ್ಷಣೆ. ಕೇಳಿದವರ ಬಗ್ಗೆ ಲೋಕಾಯುಕ್ತಕ್ಕೆ ಹೋಗಿ. ಸಂಘದ ವಂತಿಗೆಗೆ ರಸೀದಿ, ಖರ್ಚಿಗೆ ಚೀಟಿ ಇರಲಿ. ಸಭೆಯ ನಡಾವಳಿ ಬರೆದಿಡಿ. ಅಧಿಕಾರಿಯ ಭೇಟಿಗೆ ಒಬ್ಬರೇ ಹೋಗಬೇಡಿ, ಇಬ್ಬರು ಹೋಗಿ. ಮಾತಾಡಿದ್ದನ್ನು ಅದೇ ಸಂಜೆ ಇಮೇಲ್ ಮಾಡಿ.

ಹೆಜ್ಜೆ 8: ಆದೇಶ ಬಂದ ಮೇಲೆ

ನಮ್ಮ ಮೈದಾನದ ವೇಳೆ ಬದಲಾಗಲು ಹದಿನಾಲ್ಕು ತಿಂಗಳು ಹಿಡಿಯಿತು. ಆದೇಶದ ಪ್ರತಿಯನ್ನು ಲ್ಯಾಮಿನೇಟ್ ಮಾಡಿಸಿ ಮೈದಾನದ ಗೇಟಿಗೆ ಹಾಕಿದ್ದೇವೆ. ಕಾವಲುಗಾರ ಬದಲಾದಾಗಲೆಲ್ಲ ಮತ್ತೆ ತೋರಿಸಬೇಕಾಗುತ್ತದೆ.

ದೊಡ್ಡ ವಿಷಯಗಳೂ ಹೀಗೇ. ಹೆಬ್ಬಾಳದ ಉಕ್ಕಿನ ಸೇತುವೆ ಹೋಯಿತು. ಈಗ ಅದೇ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುರಂಗ ರಸ್ತೆಯ ಯೋಜನೆ ಬಂದಿದೆ. 2016ರಲ್ಲಿ ಯಾರು ಯಾವ ದಾಖಲೆ ತೆಗೆಸಿದ್ದರು, ಯಾವ ವಾದ ನಿಂತಿತು, ಯಾವುದು ಬಿತ್ತು ಎಂದು ಬರೆದಿಟ್ಟವರ ಹತ್ತಿರ ಇವತ್ತು ಅರ್ಧ ಕೆಲಸ ಮುಗಿದಿದೆ. ಹಾಗಾಗಿ ನಿಮ್ಮ ಎಲ್ಲ ಪತ್ರ, ಸೀಲಿನ ಪ್ರತಿ, ಮಾಹಿತಿ ಹಕ್ಕಿನ ಉತ್ತರ, ಎಣಿಕೆಯ ಹಾಳೆಗಳನ್ನು ತಾರೀಕಿನ ಪ್ರಕಾರ ಒಂದು ಡಬ್ಬಿ ಫೈಲಿನಲ್ಲಿ ಹಾಕಿ. ಸ್ಕ್ಯಾನ್ ಮಾಡಿ ಇನ್ನೊಂದು ಕಡೆಯೂ ಇಡಿ. ನಮ್ಮ ಫೈಲು ಈಗ ಮೇಷ್ಟ್ರ ಮನೆಯಲ್ಲಿಲ್ಲ. ಮೂರನೇ ಅಡ್ಡರಸ್ತೆಯಲ್ಲಿ ಕಾನೂನು ಓದುತ್ತಿರುವ ಹುಡುಗಿಯೊಬ್ಬಳಿದ್ದಾಳೆ, ಅವಳ ಮನೆಯಲ್ಲಿದೆ. ಕಳೆದ ಶುಕ್ರವಾರದಿಂದ ರಾಜ್ಯಪತ್ರವನ್ನೂ ಅವಳೇ ನೋಡುತ್ತಿದ್ದಾಳೆ.